ಗೋಡೆಗೂ ಪೈಪಿಗೂ ನಡುವೆ

ಹೊರಗೆ ನಿಂತು ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುವವರಿಗೆ ಒಂದು ಕಟ್ಟುಪಾಡಿದೆ. ಒಂದೇ ಜಾಗ, ಒಂದೇ ಹೊತ್ತು. ಬೆಳಗಿನ ಬಿಸಿಲಲ್ಲಿ ಶುರು ಮಾಡಿದ್ದನ್ನು ಸಂಜೆಯ ಬಿಸಿಲಲ್ಲಿ ಮುಗಿಸಿದರೆ ಚಿತ್ರ ಇಬ್ಬರು ಅಜ್ಜಿಯರು ಸಾಕಿದ ಮಗುವಿನ ಹಾಗಾಗುತ್ತದೆ, ಯಾರ ಮಾತನ್ನೂ ಕೇಳುವುದಿಲ್ಲ ಎಂದು ನಮ್ಮ ಭಾನುವಾರದ ಡ್ರಾಯಿಂಗ್ ಮೇಷ್ಟ್ರು ಹೇಳುತ್ತಿದ್ದರು. ಬಿಸಿಲೇರಿ ನೆರಳು ಸರಿದ ಕೂಡಲೇ ಬಣ್ಣ ಮುಚ್ಚಿಟ್ಟು ಮನೆಗೆ ನಡೆಯಬೇಕು. ಮುಂದಿನ ಭಾನುವಾರ ಅದೇ ಹೊತ್ತಿಗೆ ಬಂದು ಬಿಟ್ಟಲ್ಲಿಂದ ಹಿಡಿಯಬೇಕು.

ಮೇಷ್ಟ್ರು ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚಾಗಿಯೇ ನಾನು ಇದನ್ನು ಪಾಲಿಸುತ್ತಿದ್ದೆ. ಚಿತ್ರ ನಿಲ್ಲಿಸುವ ಸ್ಟ್ಯಾಂಡಿನ ಮೂರು ಕಾಲುಗಳ ಸುತ್ತ, ಬಣ್ಣ ಕಲಸುವ ಹಲಗೆಯ ಮೇಲೆ ಉಳಿದದ್ದರಿಂದ, ನೆಲದ ಕಲ್ಲಿನ ಮೇಲೆ ಸಣ್ಣ ಉಂಗುರಗಳನ್ನು ಬರೆದಿಟ್ಟಿದ್ದೆ. ಬೆನ್ನನ್ನು ದೀಪದ ಕಂಬಕ್ಕೆ ಒತ್ತಿ, ತಲೆಯ ಹಿಂಭಾಗವನ್ನು ಕಂಬದ ಒಂದು ತುಕ್ಕಿನ ಕಲೆಗೆ ತಾಗಿಸಿ, ಎಡಗಣ್ಣು ಮುಚ್ಚಿಕೊಂಡು ನೋಡುತ್ತಿದ್ದೆ. ಹೀಗೆ ನೋಡಿದರೆ ಮಾತ್ರ ವಾರ ವಾರವೂ ಬೀದಿ ಇದ್ದ ಹಾಗೇ ಇರುತ್ತದೆ. ತಲೆ ಒಂದಂಗುಲ ಆಚೀಚೆ ಆದರೂ ದೂರದ ವಸ್ತುಗಳೆಲ್ಲ ಜಾಗ ಬದಲಾಯಿಸುತ್ತವೆ.

"ಏನಮ್ಮಾ, ಚಿತ್ರ ಬರೀತಿದ್ದೀಯೋ, ಕೋವಿ ಹಿಡಿದು ಗುರಿ ಇಟ್ಟಿದ್ದೀಯೋ?" ಎಂದು ಮೇಷ್ಟ್ರು ನಗುತ್ತಿದ್ದರು.

ನಗಲಿ ಎಂದು ಸುಮ್ಮನಿರುತ್ತಿದ್ದೆ. ನನ್ನ ಕೆಲಸ ಅಚ್ಚುಕೂಟದಲ್ಲಿ ಕರಡು ತಿದ್ದುವುದು. ಎಡಕ್ಕೆ ಮೂಲ, ಬಲಕ್ಕೆ ಅಚ್ಚಾದ ಹಾಳೆ. ಎರಡರಲ್ಲಿ ವ್ಯತ್ಯಾಸ ಕಂಡರೆ ತಪ್ಪು ಹಾಳೆಯದು, ಮೂಲದ್ದಲ್ಲ. ದಿನವಿಡೀ ಹೀಗೆ ಕಣ್ಣಾಡಿಸುವವಳಿಗೆ ಬೆನ್ನು ಕಂಬಕ್ಕೆ ಒತ್ತಿ ನಿಲ್ಲುವುದು ದೊಡ್ಡ ವಿಷಯವಲ್ಲ.

ಮನೆಯಲ್ಲಿ ನನ್ನ ಹೆಸರು ಗಾಬರಿ. ಇಟ್ಟವಳು ಅಕ್ಕ. ನೆಂಟರೊಬ್ಬರ ಮದುವೆಯಲ್ಲಿ ನನಗೆ ಹೊಗೆಯ ವಾಸನೆ ಬಂದು, ನಾನು ಕೂಗಿ, ಊಟಕ್ಕೆ ಕೂತವರೆಲ್ಲ ಎಲೆ ಬಿಟ್ಟೆದ್ದು ಬೀದಿಗೆ ಬಂದಿದ್ದರು. ಹೊಗೆ ಬಂದದ್ದು ಬಚ್ಚಲಲ್ಲಿ ಅವಿತು ಬೀಡಿ ಸೇದುತ್ತಿದ್ದ ಗಂಡಿನ ಸೋದರಮಾವನಿಂದ. ಆಮೇಲೆ ನಾನು ಗ್ಯಾಸ್ ವಾಸನೆ ಎಂದರೂ ಅಷ್ಟೇ, ಮಗುವಿಗೆ ಜ್ವರ ಎಂದರೂ ಅಷ್ಟೇ, ಮೊದಲು ಎಲ್ಲರೂ ನಗುತ್ತಾರೆ, ನಂತರ ನೋಡುತ್ತಾರೆ. ಹಗ್ಗ ಕಂಡರೆ ಹಾವು ಎನ್ನುವವಳು ಎಂದಾಯಿತು. ಅಕ್ಕನಿಗೂ ಒಂದು ಹೆಸರಿದೆ, ಕತ್ತರಿ. ಅವಳು ಬಟ್ಟೆ ಹೊಲಿಯುವವಳು ಎಂಬುದು ಅದಕ್ಕೆ ಅರ್ಧ ಕಾರಣ ಮಾತ್ರ.

ನಾನು ಬರೆಯುತ್ತಿದ್ದದ್ದು ಅಕ್ಕನ ಅಂಗಡಿಯ ಬೀದಿಯನ್ನು. ಇಳಿಜಾರಿನ ಕಿರಿದಾದ ಬೀದಿ. ಒಂದು ಬದಿಗೆ ಎರಡಾಳೆತ್ತರದ ಹಳೆಯ ಕಲ್ಲಿನ ಗೋಡೆ. ಗೋಡೆಯ ಮೇಲೆ, ಅದರ ತಲೆಯ ಮಟ್ಟಕ್ಕೆ, ಒಂದು ದೊಡ್ಡ ಮನೆಯ ಹುಲ್ಲಿನ ಅಂಗಳ. ಆ ಅಂಗಳದ ಮಣ್ಣನ್ನೆಲ್ಲ ಬೀದಿಗೆ ಜಾರದಂತೆ ತಡೆದು ನಿಲ್ಲಿಸಿರುವುದು ಈ ಗೋಡೆಯೇ. ಗೋಡೆಯ ಬುಡಕ್ಕೆ ಬೆನ್ನು ಕೊಟ್ಟು ಮೂರು ಸಣ್ಣ ಅಂಗಡಿಗಳು: ಸೈಕಲ್ ರಿಪೇರಿಯವರದು, ಇಸ್ತ್ರಿಯವರದು, ಕೊನೆಯದು ಅಕ್ಕನದು. ಅಂಗಡಿಗಳಿಗೆ ಹಿಂದಿನ ಗೋಡೆ ಬೇರೆ ಇಲ್ಲ, ಆ ಕಲ್ಲಿನ ಗೋಡೆಯೇ ಅವಕ್ಕೆ ಹಿಂಗೋಡೆ.

ಆ ಕೋಣೆ ಅಕ್ಕನಿಗೆ ಸಿಕ್ಕಿದ್ದು ಈ ವರ್ಷ. ಅದಕ್ಕೆ ಮೊದಲು ಎಷ್ಟೋ ವರ್ಷ ಅವಳು ಹೊಲಿದದ್ದು ಗಂಡನ ಮನೆಯ ಒಂದು ಮೂಲೆಯಲ್ಲಿ, ಫ್ರಿಜ್ಜಿಗೂ ಅತ್ತೆಯ ಮಂಚಕ್ಕೂ ನಡುವೆ. ಮಿಷನ್ನಿನ ಸದ್ದಿಗೆ ನಿದ್ದೆ ಕೆಡುತ್ತದೆಂದು ಅತ್ತೆ ಮಗ್ಗುಲು ಬದಲಿಸಿದಾಗೆಲ್ಲ ಅಕ್ಕ ಕಾಲು ನಿಲ್ಲಿಸುತ್ತಿದ್ದಳು, ಗೊರಕೆ ಕೇಳಿದ ಮೇಲೆ ಮತ್ತೆ ತುಳಿಯುತ್ತಿದ್ದಳು. ಅಂಗಡಿಯ ಬೀಗದ ಕೈ ಸಿಕ್ಕ ದಿನ ಅವಳು ಖಾಲಿ ಕೋಣೆಯ ನಡುವೆ ನಿಂತು, ಬಟ್ಟೆಯಿಲ್ಲದ ಮಿಷನ್ನನ್ನು ಸುಮ್ಮನೆ ಜೋರಾಗಿ ತುಳಿದಳು. ಅದರ ಸದ್ದು ಕೇಳಲಿಕ್ಕೆ.

ಮೊದಲ ಭಾನುವಾರ ನಾನು ಬೀದಿಯ ಕೆಳತುದಿಯಲ್ಲಿ ನಿಂತೆ. ಅಲ್ಲಿಂದ ಗೋಡೆ ಮುಖ ತೋರಿಸುವುದಿಲ್ಲ, ಅಂಚನ್ನು ತೋರಿಸುತ್ತದೆ. ಬೀದಿಯ ಮೇಲ್ತುದಿಯಲ್ಲಿ ಒಂದು ತಿಳಿ ಹಸಿರು ಬಣ್ಣದ ಮನೆ, ಅದರ ಮೂಲೆಯಲ್ಲಿ ಮಾಡಿನ ನೀರು ಇಳಿಯುವ ಕಬ್ಬಿಣದ ಪೈಪು. ಗೋಡೆಯ ಅಂಚಿಗೂ ಆ ಪೈಪಿಗೂ ನಡುವೆ ಒಂದು ಸಂದಿ, ಮೇಲಿಂದ ಕೆಳಗೆ ಪಟ್ಟಿಯಂತೆ. ಬೆಳಗಿನ ಬಿಸಿಲು ಆ ಹಸಿರು ಪಟ್ಟಿಯ ಮೇಲೆ ಮಾತ್ರ ಬೀಳುತ್ತಿತ್ತು. ಬೀದಿಯೆಲ್ಲ ಬೂದಿ, ಕಂದು; ನಡುವೆ ಆ ಒಂದು ಬೆಳಕು. ಬಿಳಿ ಬಣ್ಣಕ್ಕೆ ಚಿಟಿಕೆ ಹಸಿರು, ಚಿಟಿಕೆ ಹಳದಿ ಕಲಸಿ, ಅಗಸೆ ಎಣ್ಣೆ ಹೆಚ್ಚು ಬೆರೆಸದೆ, ಒಂದೇ ಎಳೆತಕ್ಕೆ ಇಟ್ಟೆ. ಮೇಷ್ಟ್ರು ಹಿಂದಿನಿಂದ ಬಂದು ಬಹಳ ಹೊತ್ತು ನೋಡಿದರು. ಇಡೀ ಚಿತ್ರ ಉಸಿರಾಡುವುದು ಈ ಸಂದಿಯಿಂದಲೇ, ಇದನ್ನು ಮಾತ್ರ ಮುಚ್ಚಬೇಡ ಎಂದರು.

ಮುಂದಿನ ಭಾನುವಾರ ನೋಡಿದರೆ ಪಟ್ಟಿ ಅಗಲವಾಗಿದೆ. ಬೀದಿಯಲ್ಲಲ್ಲ, ನನ್ನ ಚಿತ್ರದಲ್ಲಿ. ಸ್ಟ್ಯಾಂಡಿನ ಕಾಲು ಉಂಗುರದಲ್ಲಿತ್ತು, ತಲೆ ಕಂಬಕ್ಕೆ ತಾಗಿತ್ತು. ಹಾಗಾದರೆ ಮೊದಲ ದಿನ ಕೈ ತಪ್ಪಿದೆ. ಗೋಡೆಯ ಬೂದಿ ಬಣ್ಣವನ್ನು ತುಸು ಹೊರಗೆ ಎಳೆದು ಪಟ್ಟಿಯನ್ನು ಸಣ್ಣದು ಮಾಡಿದೆ. ತಪ್ಪನ್ನು ತಿದ್ದಿದ ಸಮಾಧಾನದಲ್ಲಿ ಅಂದು ಅಕ್ಕನ ಅಂಗಡಿಯಲ್ಲಿ ಕೂತು ಚಹಾ ಕುಡಿದೆ.

ಆ ವಾರವೆಲ್ಲ ಮಳೆ. ಮೂರನೆಯ ಭಾನುವಾರ ಬೆಳಿಗ್ಗೆ ಮೋಡ ಸರಿದು ಬಿಸಿಲು ಬಂತು. ಕಂಬಕ್ಕೆ ಒರಗಿ ಎಡಗಣ್ಣು ಮುಚ್ಚಿ ನೋಡಿದೆ. ಸಂದಿಯೇ ಇಲ್ಲ. ಗೋಡೆಯ ಅಂಚು ಪೈಪನ್ನು ಮುಟ್ಟಿದಂತೆ ನಿಂತಿದೆ. ನನಗೆ ನನ್ನ ಕೈಯ ಮೇಲೆ ಸಿಟ್ಟು ಬಂತು. ಎರಡು ವಾರದಿಂದ ಏನನ್ನು ನೋಡಿ ಬರೆಯುತ್ತಿದ್ದೇನೆ ಎಂದುಕೊಂಡು ಆ ಹಸಿರನ್ನು ಪೂರ್ತಿ ಬೂದಿಯಿಂದ ಮುಚ್ಚಿದೆ. ಹಿಂದೆ ಸರಿದು ನೋಡಿದರೆ ಚಿತ್ರ ಸತ್ತಿತ್ತು. ಮೇಷ್ಟ್ರ ಮಾತು ನೆನಪಾಗಿ, ಇರಲಿ, ಪಟ್ಟಿಯನ್ನು ಉಳಿಸಿಕೊಳ್ಳೋಣ ಎಂದು ಚಿಂದಿಯನ್ನು ಬಣ್ಣ ಕರಗಿಸುವ ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿದೆ. ಹಸಿ ಬಣ್ಣ ಎದ್ದುಬಂತು. ಕೆಳಗೆ ಕಳೆದ ವಾರದ ಸಣ್ಣ ಪಟ್ಟಿ ಒಣಗಿ ನಿಂತಿತ್ತು. ಕಳೆದ ವಾರದ ತಿದ್ದುಪಡಿಯನ್ನು ಚಾಕುವಿನ ತುದಿಯಿಂದ ಕೆರೆದೆ. ಅದರ ಕೆಳಗೆ ಮೊದಲ ವಾರದ ಅಗಲದ ಪಟ್ಟಿ.

ಒಂದರ ಕೆಳಗೆ ಒಂದು, ಮೂರು ಭಾನುವಾರಗಳು. ಕಿರಿದಾಗುತ್ತ ಬಂದಿದ್ದವು. ನನ್ನ ಕೈ ತಪ್ಪಿದ್ದರೆ ಒಮ್ಮೆ ಅತ್ತ ಒಮ್ಮೆ ಇತ್ತ ತಪ್ಪಬೇಕಿತ್ತು. ಇದು ಒಂದೇ ಕಡೆಗೆ ನಡೆದಿತ್ತು. ಹಾಳೆ ಸರಿಯಾಗಿಯೇ ಇತ್ತು. ಬದಲಾಗುತ್ತಿದ್ದದ್ದು ಮೂಲ.

ಗೋಡೆ ಬೀದಿಯ ಕಡೆಗೆ ವಾಲುತ್ತಿತ್ತು.

ಓಡಬೇಕು ಅನ್ನಿಸಿತು, ಓಡಲಿಲ್ಲ. ಮದುವೆಮನೆ ನೆನಪಿತ್ತು. ಮೊದಲು ಮೇಷ್ಟ್ರಿಗೆ ತೋರಿಸಿದೆ. ಅವರು ಕಂಬದ ಪಕ್ಕ ನಿಂತು, ನನಗೇನೋ ಸಂದಿ ಕಾಣುತ್ತಿದೆ ಎಂದರು. ನೀವು ಕಂಬಕ್ಕೆ ಒರಗಿಲ್ಲ ಸರ್ ಎಂದೆ. ಒರಗಿದರು, ಅಂಗಿಗೆ ತುಕ್ಕು ಹತ್ತಿತೆಂದು ಬೇಗ ಎದ್ದರು. ನಿಂತ ಜಾಗ ಕೂದಲೆಳೆ ತಪ್ಪಿದರೂ ಹೀಗಾಗುತ್ತದೆ, ಬೇಕಾದರೆ ಇಂಜಿನಿಯರಿಂಗ್ ಕಾಲೇಜಿನವರನ್ನು ಯಾರನ್ನಾದರೂ ಕೇಳು, ಚಿತ್ರ ಬರೆಯುವವರಿಗೆ ಇಷ್ಟು ಲೆಕ್ಕ ಒಳ್ಳೆಯದಲ್ಲ ಎಂದು ಬುದ್ಧಿ ಹೇಳಿದರು.

ಗೋಡೆಯ ಮೇಲಿನ ಮನೆಗೆ ಹೋದೆ. ಯಜಮಾನರು ಗೇಟಿನ ಒಳಗೇ ನಿಂತು ಚಿತ್ರವನ್ನು ಕೈಗೆ ತೆಗೆದುಕೊಂಡು ಮೆಚ್ಚಿದರು, ಮಾರುತ್ತೀರಾ ಎಂದು ಕೇಳಿದರು. ಗೋಡೆಯ ವಿಷಯ ಎತ್ತಿದಾಗ, ಇದು ನಮ್ಮ ತಾತನ ಕಾಲದ್ದು, ನಮ್ಮನ್ನೆಲ್ಲ ಸಾಗಹಾಕಿ ಆಮೇಲೆ ಹೋಗುತ್ತದೆ ಎಂದು ನಕ್ಕರು. ಅವರು ಏನು ಹೇಳಿದರೆಂದು ಅವರಿಗೇ ಹೊಳೆಯಲಿಲ್ಲ. ಮರುದಿನ ನಗರಸಭೆಯ ಕಚೇರಿಯಲ್ಲಿ ಒಬ್ಬರು ನನ್ನ ಕ್ಯಾನ್ವಾಸನ್ನು ತಿರುಗಿಸಿ ಹಿಂಬದಿ ನೋಡಿದರು, ಏನಾದರೂ ಬರೆದಿರಬಹುದೆಂದು. ಫೋಟೋ ಇದ್ದರೆ ತನ್ನಿ, ಚಿತ್ರ ನಡೆಯುವುದಿಲ್ಲ ಎಂದರು. ಫೋಟೋ ತೆಗೆದಿರಲಿಲ್ಲ. ಎದುರಿಗೆ ನಿಂತು ಬರೆಯುವವಳಿಗೆ ಫೋಟೋ ಯಾಕೆ ಎಂದು ಹೆಮ್ಮೆಪಟ್ಟವಳು ನಾನೇ.

ಕೊನೆಗೆ ಅಕ್ಕನ ಹತ್ತಿರ ಹೋದೆ. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಂದು ನಿಲುವಂಗಿಯ ತೋಳು ಕೂಡಿಸುತ್ತಿದ್ದಳು. ಪೂರ್ತಿ ಕೇಳಿದಳು. ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು.

"ಆಗ ಬೀಡಿ ಹೊಗೆ, ಈಗ ನನ್ನ ತಲೆ ಮೇಲೆ ಗೋಡೆ. ಮುಂದೆ ಆಕಾಶಾನಾ?"

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಮಳೆ ನಿಲ್ಲೋವರೆಗೆ ಮನೆಯಿಂದ ಹೊಲಿ."

"ಯಾವ ಮನೆಯಿಂದ ಕಣೆ? ಮಿಷನ್ ಇದ್ದ ಮೂಲೆಗೆ ಅತ್ತೆ ಆಗಲೇ ಮಂಚ ಎಳಕೊಂಡಿದ್ದಾರೆ. ಒಂದ್ಸಲ ಹಿಂದೆ ಹೋದ್ರೆ ಮತ್ತೆ ಹೊರಗೆ ಬಿಡ್ತಾರೆ ಅಂದ್ಕೊಂಡಿದ್ದೀಯಾ?" ಅವಳ ದನಿ ಏರಲಿಲ್ಲ. "ನಿನ್ನ ಚಿತ್ರದಲ್ಲಿ ಗೋಡೆ ಸೊಟ್ಟ ಬಂದ್ರೆ ನೀನು ಚಿತ್ರ ಸರಿ ಮಾಡ್ಕೋ. ನನ್ನ ಅಂಗಡಿ ಬಿಡಿಸಬೇಡ."

ಅಂಗೈಯನ್ನು ಅವಳ ಹಿಂಗೋಡೆಗೆ ಇಟ್ಟು ನೋಡಿದೆ. ತಣ್ಣಗಿತ್ತು, ಒದ್ದೆಯಾಗಿತ್ತು. ಕಲ್ಲಿನ ಸಂದಿಯಿಂದ ಒಂದು ಸಣ್ಣ ಬೇರು ಹೊರಗೆ ಇಣುಕಿತ್ತು. ಅಕ್ಕ ಅದಕ್ಕೆ ಇಂಚುಪಟ್ಟಿ ತೂಗುಹಾಕಿದ್ದಳು.

ಮತ್ತೆ ಮಳೆ ಹಿಡಿಯಿತು. ಎರಡು ದಿನ ಅಚ್ಚುಕೂಟದಲ್ಲಿ ಒಂದು ಸಾಲೂ ಕಣ್ಣಿಗೆ ಹತ್ತಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಕೆಲಸ ಮುಗಿಯುವ ಮುಂಚೆಯೇ ಹೊರಟು ಅಕ್ಕನ ಅಂಗಡಿಗೆ ಹೋದೆ. ಚೀಲದಲ್ಲಿ ಟರ್ಪೆಂಟೈನ್ ತುಂಬಿದ ಶೀಶೆ ಇತ್ತು. ಅಕ್ಕ ಬಟ್ಟೆ ಕತ್ತರಿಸುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ನಾನೇ ಆದ್ದರಿಂದ, ಮೊದಲು ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು ಅದನ್ನು ಹೊರಗಿಟ್ಟೆ. ಮೇನ್ ಸ್ವಿಚ್ ಆರಿಸಿದೆ. ಗಿರಾಕಿಗಳ ಬಟ್ಟೆಯ ಗಂಟನ್ನು ಬಾಗಿಲಾಚೆಯ ಕಟ್ಟೆಯ ಮೇಲೆ ಸೂರಿನ ಕೆಳಗೆ ಇಟ್ಟೆ. ಅಕ್ಕ ಏನೋ ಸ್ವಚ್ಛ ಮಾಡಲು ಬಂದಿದ್ದೇನೆಂದು ತಿಳಿದು ಸುಮ್ಮನಿದ್ದಳು. ಆಮೇಲೆ ಶೀಶೆಯ ಮುಚ್ಚಳ ತೆಗೆದು, ಮೂಲೆಯಿಂದ ಮೂಲೆಗೆ ನೆಲದ ಮೇಲೆ ಸುರಿದೆ.

ಒಂದು ಹನಿ ಬಿದ್ದರೆ ದಿನವಿಡೀ ಇರುವ ವಾಸನೆ ಅದು. ಅಲ್ಲಿ ಕೂತು ಯಾರೂ ಹೊಲಿಯಲಾರರು, ಆ ವಾಸನೆ ಹತ್ತಿದ ಬಟ್ಟೆಯನ್ನು ಯಾರೂ ಮೈಗೆ ಹಾಕಲಾರರು.

ಅಕ್ಕ ನನ್ನನ್ನು ಬೈಯಲಿಲ್ಲ. ಕತ್ತರಿಯನ್ನು ಕೆಳಗಿಟ್ಟಳು. ಮೂಗಿಗೆ ಸೆರಗು ಹಿಡಿದು, ನನ್ನನ್ನು ಯಾರೋ ಹೊಸಬಳನ್ನು ನೋಡುವಂತೆ ನೋಡಿದಳು. "ಅತ್ತೆ ಕೂಡ ಇಷ್ಟು ಮಾಡಿರಲಿಲ್ಲ" ಎಂದಳು.

ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಮಿಷನ್ನು ಮನೆಗೆ ಹೋಯಿತು. ಭಾವ ಒಮ್ಮೆ ನಮ್ಮ ಮನೆಗೆ ಬಂದು, ನಿಮ್ಮಿಬ್ಬರ ನಡುವೆ ನಾನು ಪೋಸ್ಟ್‌ಮ್ಯಾನ್ ಆದೆ ನೋಡು ಎಂದು ತಮಾಷೆ ಮಾಡಲು ನೋಡಿದರು, ಆಗಲಿಲ್ಲ. ನಿನ್ನ ಅಕ್ಕ ಅಡುಗೆಮನೆಯಲ್ಲಿ ನಿಂತೇ ಹೊಲಿಯುತ್ತಾಳೆ, ನಮ್ಮಮ್ಮ ಮಗ್ಗುಲು ಬದಲಿಸಿದಾಗ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾಳೆ, ಸದ್ದಾಗಬಾರದೆಂದು. ಅಷ್ಟು ಹೇಳಿ ಎದ್ದು ಹೋದರು. ನಾನು ಅಂದು ಊಟ ಮಾಡಲಿಲ್ಲ. ಗೋಡೆ ಬೀಳಲಿಲ್ಲ. ದಿನವೂ ಕೆಲಸಕ್ಕೆ ಹೋಗುವಾಗ ಸುತ್ತು ಹಾಕಿ ಆ ಬೀದಿಯಲ್ಲಿ ಹಾದು ನೋಡುತ್ತಿದ್ದೆ. ಅದು ನಿಂತೇ ಇತ್ತು. ನಿಂತಿದ್ದಕ್ಕೆ ಸಂತೋಷಪಡಬೇಕೋ ಬೇಡವೋ ತಿಳಿಯದೆ ಬಸ್ಸು ಹತ್ತುತ್ತಿದ್ದೆ. ಸೈಕಲ್ಲಿನವರಿಗೂ ಇಸ್ತ್ರಿಯವರಿಗೂ ಹೇಳಿದೆ. ಅವರು ಮೂಗು ಹಿಡಿದುಕೊಂಡು, ನೀವು ಹೇಳುವುದನ್ನು ಕೇಳದಿದ್ದರೆ ನಮ್ಮಲ್ಲೂ ಸುರಿಯುತ್ತೀರೇನೋ ಎಂದರು.

ನಡುವಿನ ಭಾನುವಾರ ಮಳೆ ಬಿಡಲಿಲ್ಲ. ಅದರ ಮುಂದಿನ ವಾರದ ಕೊನೆಗೆ ಮೇಲಿನ ಮನೆಯವರು ಗೋಡೆಗೆ ಸಿಮೆಂಟು ಬಳಿಸಿದರು. ನನ್ನ ಕಾಟ ತಪ್ಪಲಿ ಎಂದಿರಬೇಕು. ಬಿರುಕುಗಳೆಲ್ಲ ಮುಚ್ಚಿದವು. ಮಳೆ ಬಂದಾಗ ನೀರು ಇಳಿಯಲೆಂದು ಗೋಡೆಯಲ್ಲಿ ಅಲ್ಲಲ್ಲಿ ತೂತುಗಳಿದ್ದವು, ಅವುಗಳ ಕೆಳಗಿನ ಕಂದು ಕಲೆಗಳನ್ನು ನಾನು ತೆಳು ಬಣ್ಣದಲ್ಲಿ ಬರೆದಿದ್ದೆ. ಆ ತೂತುಗಳೂ ಮುಚ್ಚಿದವು. ಗೋಡೆ ಕ್ಷೌರ ಮಾಡಿಸಿಕೊಂಡ ಮುಖದ ಹಾಗೆ ನುಣ್ಣಗಾಯಿತು. ಮಣ್ಣಿನಲ್ಲಿ ಇಂಗಿದ ನೀರು ಇನ್ನು ಎಲ್ಲಿಂದ ಇಳಿಯಬೇಕು ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಲು ಯಾರೂ ಉಳಿದಿರಲಿಲ್ಲ. ಭಾವನ ಕೈಲಿ ಅಕ್ಕ ಹೇಳಿಕಳಿಸಿದ್ದಳು: ಗೋಡೆ ರಿಪೇರಿಯಾಗಿದೆ, ವಾಸನೆ ಇಳಿದಿದೆ, ಭಾನುವಾರ ಅಂಗಡಿ ತೆರೆಯುತ್ತೇನೆ, ಅವಳು ಆ ಕಡೆ ಸುಳಿಯಬಾರದು.

ಭಾನುವಾರ ಬೆಳಿಗ್ಗೆ ನಾನು ಉಂಗುರಗಳಲ್ಲಿ ಸ್ಟ್ಯಾಂಡಿಟ್ಟೆ. ಕಂಬಕ್ಕೆ ಒರಗಿ ನೋಡಿದೆ. ಹೊಸ ಸಿಮೆಂಟು ನೆರಳಿನಲ್ಲೂ ಬೆಳ್ಳಗೆ ಕಾಣುತ್ತಿತ್ತು. ಪೈಪಿನ ಎಡ ಅಂಚು ಗೋಡೆಯ ಹಿಂದೆ ಹೋಗಿತ್ತು. ಪೈಪನ್ನು ಹಿಡಿದಿಟ್ಟ ಕಬ್ಬಿಣದ ಪಟ್ಟಿಯ ಬೋಲ್ಟೊಂದು ಮೇಲುಗಡೆ ಇತ್ತು, ಅದು ಮಾತ್ರ ಇನ್ನೂ ಗೋಡೆಯ ಅಂಚಿನ ಪಕ್ಕದಲ್ಲಿ ಮುಗುಳಿನಂತೆ ಕಾಣುತ್ತಿತ್ತು. ಆ ಬೋಲ್ಟನ್ನು ಒಂದು ಕಪ್ಪು ಚುಕ್ಕೆಯಾಗಿ ಇಟ್ಟೆ.

ಅಕ್ಕ ಬಂದಳು. ಹಿಂದೆ ಕೈಗಾಡಿಯಲ್ಲಿ ಮಿಷನ್ನು, ತಳ್ಳುತ್ತಿದ್ದವರು ಭಾವ. ಅವಳು ನನ್ನನ್ನು ನೋಡಿಯೂ ನೋಡದವಳಂತೆ ಮುಂದೆ ಹೋದಳು. ನಾನು ದಾರಿಗೆ ಅಡ್ಡ ನಿಂತೆ.

"ನನ್ನ ಮಾತು ಕೇಳಬೇಡ" ಎಂದೆ. "ನನ್ನ ಚಿತ್ರವನ್ನೂ ನಂಬಬೇಡ. ಇಲ್ಲಿ ಒರಗಿ ನಿಂತು ನೀನೇ ನೋಡು, ನೀನೇ ಗುರುತು ಹಾಕು. ಆಮೇಲೆ ಹೋಗಿ ಅಂಗಡಿ ತೆಗಿ. ಮತ್ತೆ ನಾನು ಈ ಬೀದಿಗೆ ಕಾಲಿಟ್ರೆ ನನ್ನನ್ನ ಕೇಳು."

ಅಕ್ಕ ಭಾವನ ಕಡೆ ನೋಡಿದಳು. ಅವರು, ಒಂದು ಸಲ ನಿಂತರೆ ಏನು ಹೋಗುತ್ತದೆ, ಶಾಶ್ವತವಾಗಿ ಪೀಡೆ ತೊಲಗುತ್ತದೆ ಎಂದರು. ಅಕ್ಕ ಬಂದು ಕಂಬಕ್ಕೆ ಬೆನ್ನು ಕೊಟ್ಟಳು. ಅವಳ ತಲೆಯನ್ನು ಹಿಡಿದು ಕಲೆಗೆ ತಾಗಿಸಲು ಹೋದೆ, ಕೈ ತಳ್ಳಿ ತಾನೇ ತಾಗಿಸಿದಳು.

"ಏನು ನೋಡಬೇಕು?"

"ಬೋಲ್ಟ್ ಕಾಣ್ತಿದೆಯಾ?"

"ಕಾಣ್ತಿದೆ. ಗೋಡೆ ಪಕ್ಕಕ್ಕೇ ಇದೆ."

"ನಿನಗೆ ಎಷ್ಟು ಕಾಣುತ್ತೋ ಅಷ್ಟಕ್ಕೆ ಗುರುತು ಹಾಕು."

ಅವಳಿಗೆ ಬ್ರಷ್ ಕೊಡಲು ಹೋದೆ. ಅವಳು ಅದನ್ನು ಮುಟ್ಟಲಿಲ್ಲ. ಸೆರಗಿನಿಂದ ಒಂದು ಗುಂಡುಸೂಜಿ ತೆಗೆದು, ನನ್ನ ಹಸಿ ಬಣ್ಣಕ್ಕೆ ಬೆರಳು ತಗಲದಂತೆ, ಗೋಡೆಯ ಅಂಚಿಗೂ ಆ ಕಪ್ಪು ಚುಕ್ಕೆಗೂ ನಡುವೆ ಕ್ಯಾನ್ವಾಸಿಗೆ ಚುಚ್ಚಿದಳು. ಗಿರಾಕಿಯ ಮೈಮೇಲೆ ಬಟ್ಟೆಗೆ ಚುಚ್ಚುವ ಹಾಗೆ, ಒಂದೇ ಸಲಕ್ಕೆ, ಇತ್ತ ಹೊಕ್ಕು ಅತ್ತ ಹೊರಟು. ತಾನು ಚುಚ್ಚಿದ ಸೂಜಿಯ ಮೇಲೆ ಅವಳಿಗೆ ಎಂದೂ ಅನುಮಾನವಿಲ್ಲ. ಯಾರು ಏನೇ ಹೇಳಲಿ, ಸೂಜಿ ಇದ್ದಲ್ಲಿ ಹೊಲಿಗೆ.

"ಆಯ್ತಾ?"

"ಆಯ್ತು. ಈಗ ಚಹಾ ಕುಡಿಯೋಣ, ಆಮೇಲೆ ಇನ್ನೊಂದ್ಸಲ ನೋಡು. ಗಾಡಿ ಇಲ್ಲೇ ಇರಲಿ."

ಎದುರಿನ ಚಹಾದಂಗಡಿಯ ಬೆಂಚಿನಲ್ಲಿ ಮೂವರೂ ಕೂತೆವು. ಅಕ್ಕ ನನ್ನ ಕಡೆ ಬೆನ್ನು ಮಾಡಿ ಕುಡಿದಳು. ಭಾವ ಎರಡನೆಯ ಲೋಟ ಹೇಳಿದರು, ಪೇಪರು ಪೂರ್ತಿ ಓದಿದರು, ಕೊನೆಯ ಪುಟದ ಜಾಹೀರಾತನ್ನೂ ಬಿಡದೆ. ಮಳೆ ಹನಿದು ನಿಂತಿತು. ನಾನು ಮನಸ್ಸಿನಲ್ಲಿ ಒಂದನ್ನೇ ಬೇಡುತ್ತಿದ್ದೆ: ನನ್ನ ಮಾತು ಸುಳ್ಳಾಗಲಿ. ಈ ಸಲವೂ ಬೀಡಿಯ ಹೊಗೆಯೇ ಆಗಲಿ. ಅಕ್ಕ ಜನ್ಮವಿಡೀ ಇದನ್ನೇ ಹೇಳಿ ನಗಲಿ, ಅವಳ ಮೊಮ್ಮಕ್ಕಳೂ ನನ್ನನ್ನು ಗಾಬರಿಯಜ್ಜಿ ಎಂದು ಕರೆಯಲಿ.

ನೆರಳು ಸರಿದು, ನಾನು ಬಣ್ಣ ಮುಚ್ಚಿಡುವ ಹೊತ್ತಾದಾಗ ಅಕ್ಕ ಎದ್ದಳು. ಮುಗಿಸೋಣ ಎಂದು ಹೇಳಿ ತಾನೇ ಹೋಗಿ ಕಂಬಕ್ಕೆ ಒರಗಿದಳು. ಒಂದು ಕಣ್ಣು ಮುಚ್ಚಿದಳು. ಅದನ್ನು ತೆರೆದು ಇನ್ನೊಂದು ಮುಚ್ಚಿದಳು. ಮತ್ತೆ ಮೊದಲಿನದನ್ನು ಮುಚ್ಚಿದಳು. ಸೂಜಿಯನ್ನು ನೋಡಿದಳು, ಬೀದಿಯನ್ನು ನೋಡಿದಳು. ಬೆನ್ನು ಕಂಬಕ್ಕೆ ಇನ್ನಷ್ಟು ಒತ್ತಿಕೊಂಡಳು, ತಾನೇ ಸರಿದಿದ್ದೇನೇನೋ ಎಂಬಂತೆ.

"ಬೋಲ್ಟ್ ಎಲ್ಲಿ?" ಎಂದಳು.

ನಾನು ಕ್ಯಾನ್ವಾಸಿನ ಸೂಜಿಯ ಕಡೆ ಬೆರಳು ತೋರಿಸಿದೆ.

"ಏಯ್, ಬೋಲ್ಟ್ ಎಲ್ಲಿ ಹೋಯ್ತೇ?" ಎಂದಳು ಮತ್ತೆ, ಮೆಲ್ಲಗೆ. ಭಾವ ಹತ್ತಿರ ಬಂದು ನೋಡಲು ಹೋದರು, ಅವಳು ಅವರನ್ನು ಪಕ್ಕಕ್ಕೆ ಸರಿಸಿದಳು. ಗೋಡೆಯ ಬುಡದಲ್ಲಿ ಇಸ್ತ್ರಿಯವರು ಕೆಂಡಕ್ಕೆ ಗಾಳಿ ಹಾಕುತ್ತಿದ್ದರು. ಸೈಕಲ್ಲಿನವರು ಒಂದು ಸೈಕಲ್ಲನ್ನು ತಲೆಕೆಳಗಾಗಿಟ್ಟು ಚಕ್ರ ತಿರುಗಿಸುತ್ತಿದ್ದರು. ಅವರ ಹಿಂದಿನ ನುಣುಪಾದ ಸಿಮೆಂಟಿನಲ್ಲಿ ಒಂದು ಸಣ್ಣ ಗೀರೂ ಇರಲಿಲ್ಲ.

ಅಕ್ಕ ಮಿಷನ್ನಿನ ಗಾಡಿಯನ್ನು ತಾನೇ ಹಿಡಿದು ಹಿಂದಕ್ಕೆ, ಬೀದಿಯ ಬಾಯಿಗೆ ತಿರುಗಿಸಿ ಭಾವನ ಕೈಗೆ ಕೊಟ್ಟಳು. ಮನೆಗೆ ಎಂದಳು. ಆ ಒಂದು ಮಾತನ್ನು ಹೇಳುವಾಗ ಅವಳ ಮುಖ ಹೇಗಾಯಿತೆಂದು ನಾನು ನೋಡಿದೆ, ನೋಡಬಾರದಿತ್ತು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಾನೂ ಹೊರಟೆ. ಅವಳು ತಿರುಗಿ ನನ್ನ ಭುಜ ಹಿಡಿದು ಕಂಬಕ್ಕೆ ಒರಗಿಸಿದಳು.

"ನೀನು ಬರಬೇಡ. ನೀನು ಹೇಳಿದ್ರೆ ನಗ್ತಾರೆ. ನಾನು ಎಬ್ಬಿಸ್ತೀನಿ. ನೀನು ಇಲ್ಲೇ ನೋಡ್ತಾ ಇರು, ಕಣ್ಣು ತೆಗೀಬೇಡ. ಇನ್ನೊಂದು ಕೂದಲೆಳೆ ಸರಿದ್ರೂ ನನ್ನನ್ನ ಕೂಗು."

"ಅಕ್ಕ, ಬೇಗ ಬಾ."

"ಕೂಗ್ತೀಯಲ್ಲಾ? ಮದುವೆಮನೇಲಿ ಕೂಗಿದ ಹಾಗೆ ಕೂಗಬೇಕು."

ಅವಳು ಏರು ಬೀದಿಯಲ್ಲಿ ಗೋಡೆಯ ಕಡೆಗೆ ನಡೆದಳು. ಓಡಲಿಲ್ಲ. ಅವಳ ದನಿ ಇಲ್ಲಿಗೂ ಕೇಳಿಸುತ್ತಿತ್ತು, ಕತ್ತರಿಯ ದನಿ, ಮೊದಲು ಇಸ್ತ್ರಿಯವರನ್ನು, ಆಮೇಲೆ ಸೈಕಲ್ಲಿನವರನ್ನು. ನಾನು ತಲೆಯನ್ನು ತುಕ್ಕಿನ ಕಲೆಗೆ ಒತ್ತಿ, ಎಡಗಣ್ಣು ಮುಚ್ಚಿ, ಗೋಡೆಯ ಅಂಚನ್ನೂ ಪೈಪನ್ನೂ ನೋಡುತ್ತ ನಿಂತೆ. ಬಾಯಿ ಆಗಲೇ ಅರ್ಧ ತೆರೆದಿತ್ತು.